ಬೆರಳ ತುದಿ ಸವೆದಿದ್ದರೂ ಗಿಟಾರ್ ಪಿಕ್ ಜಾರದಂತೆ ಹಿಡಿಯುವುದು: ಸಮಗ್ರ ಮಾರ್ಗದರ್ಶಿ

ಒರಟು ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಕೊಂಡದ್ದಾಯಿತು, ಟೇಪ್ ಅಂಟಿಸಿದ್ದಾಯಿತು, ಗಟ್ಟಿಯಾಗಿ ಅದುಮಿ ಹಿಡಿದದ್ದೂ ಆಯಿತು. ಆದರೂ ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಪಿಕ್ ತಿರುಗಿ ಅಡ್ಡ ನಿಂತಿರುತ್ತದೆ, ಇಲ್ಲವೇ ಗಿಟಾರಿನ ಹೊಟ್ಟೆಯೊಳಗೆ ಬಿದ್ದಿರುತ್ತದೆ. ಬೆರಳು ಸವೆದವರು ಹೆಚ್ಚಾಗಿ ಎಡವುವುದು ಕ್ರಮದಲ್ಲಿ. ಪಿಕ್ಕಿಗೆ ಏನು ಅಂಟಿಸಲಿ ಎಂಬಲ್ಲಿಂದ ಶುರು ಮಾಡುತ್ತಾರೆ. ತಂತಿ ಪಿಕ್ಕನ್ನು ತಳ್ಳುವ ಬಲವನ್ನು ಮೊದಲು ತಗ್ಗಿಸಬೇಕು, ಹಿಡಿತ ಹೆಚ್ಚಿಸುವ ಮಾತು ಆಮೇಲೆ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ.

ಇಲ್ಲಿ ಹೇಳುತ್ತಿರುವುದೆಲ್ಲ ಪಿಕ್ ಹಿಡಿಯುವ ಕೈಯ ಬಗ್ಗೆ. ಗಿಟಾರಿನ ಕತ್ತಿನ ಮೇಲೆ ತಂತಿ ಒತ್ತುವ ಕೈಯ ಬೆರಳುಗಳು ಜಡ್ಡುಗಟ್ಟುವುದು ಬೇರೆಯೇ ವಿಷಯ, ಅದಕ್ಕೆ ಹೇಳುವ ಉಪಾಯಗಳು ಇಲ್ಲಿ ಕೆಲಸ ಮಾಡುವುದಿಲ್ಲ.

## ಬೇಕಾಗುವ ಸಾಮಾನು

ಎಲ್ಲವನ್ನೂ ಒಮ್ಮೆಲೇ ಕೊಳ್ಳಬೇಡಿ. 1ರಿಂದ 4ನೇ ಹಂತದವರೆಗೆ ಮುಖ್ಯವಾಗಿ ಬೇಕಾಗುವುದು ಇಷ್ಟು: ಮೃದುವಾದ ಪೆನ್ಸಿಲ್, ಪಾರದರ್ಶಕ ಸೆಲ್ಲೋಟೇಪ್, ಮಾರ್ಕರ್ ಪೆನ್, ಫೋನಿನಲ್ಲಿ ಒಂದು ಮೆಟ್ರೊನೋಮ್ (ತಾಳ ಕೊಡುವ ಆ್ಯಪ್), 10 ಶೇಕಡ ಯೂರಿಯಾ ಇರುವ ಕ್ರೀಮ್, ಮತ್ತು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 400, 800, 1500 ನಂಬರಿನ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳುಕಾಗದ). ಕಟರ್, ಬ್ಯಾಡ್ಮಿಂಟನ್ ಗ್ರಿಪ್ ಟೇಪ್, ಜೇನುಮೇಣ ಮುಂತಾದವು 6ನೇ ಹಂತದಿಂದ ಆಚೆಗೆ ಬೇಕಾಗಬಹುದು. ಬೇಡವೂ ಆಗಬಹುದು.

## 1. ಯಾಕೆ ಜಾರುತ್ತಿದೆ ಎಂದು ಪತ್ತೆ ಮಾಡಿ

ಒಣಗಿದ ಬೆರಳು, ಬೆವರಿದ ಬೆರಳು, ಪಿಕ್ ತಿರುಗುವುದು: ಈ ಮೂರೂ ಕೈಗೆ ಒಂದೇ ರೀತಿ ಅನಿಸುತ್ತವೆ. ಪರಿಹಾರಗಳು ಮಾತ್ರ ಒಂದಕ್ಕೊಂದು ವಿರುದ್ಧ.

ಉಸಿರಿನ ಪರೀಕ್ಷೆ. ಪಿಕ್ಕನ್ನು ಮಾಮೂಲಿನಂತೆ ಹಿಡಿಯಿರಿ. ಇನ್ನೊಂದು ಕೈಯಿಂದ ಅದರ ಮೊನೆ ಹಿಡಿದು ಮೆಲ್ಲಗೆ ಹೊರಗೆಳೆಯಿರಿ, ಎಷ್ಟು ಬಲಕ್ಕೆ ಜಾರಿತು ಎಂದು ಗಮನಿಸಿ. ಈಗ ಬಾಯಗಲಿಸಿ ‘ಹಾ’ ಎಂದು ಬೆಚ್ಚನೆಯ ಉಸಿರನ್ನು ಹೆಬ್ಬೆರಳು, ತೋರುಬೆರಳಿನ ಮೇಲೆ 2–3 ಸಲ ಬಿಟ್ಟು ಮತ್ತೆ ಎಳೆಯಿರಿ. ಹಿಡಿತ ಬಿಗಿಯಾಯಿತು ಎಂದರೆ ನಿಮ್ಮ ತೊಂದರೆ ಒಣಗಿದ ಚರ್ಮ. ಇನ್ನಷ್ಟು ಜಾರಿದರೆ ಬೆವರು. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ ಮತ್ತೆ ಎಳೆದು ಖಚಿತ ಮಾಡಿಕೊಳ್ಳಿ.

ಕಾರಣ ಇದು: ಚರ್ಮ ಮೆತ್ತಗಾಗಿ ಪ್ಲಾಸ್ಟಿಕ್ಕಿಗೆ ಎಷ್ಟು ಜಾಗದಲ್ಲಿ ತಾಗುತ್ತದೋ ಹಿಡಿತ ಬಹುಪಾಲು ಅಷ್ಟೇ. ಒಣಗಿ ಗಟ್ಟಿಯಾದ ಚರ್ಮ ಅಲ್ಲಲ್ಲಿ ಮಾತ್ರ ತಾಗುತ್ತದೆ. ತುಸು ತೇವ ಸಿಕ್ಕರೆ ಮೇಲ್ಪದರ ಮೆತ್ತಗಾಗಿ ಕೂತುಕೊಳ್ಳುತ್ತದೆ, ತೇವ ಮಿತಿಮೀರಿದರೆ ನಡುವೆ ನೀರಿನ ಪೊರೆ ನಿಂತು ಜಾರುತ್ತದೆ. ಬೆರಳ ಗೆರೆಗಳ ಏಣಿನ ಮೇಲೆಯೇ ಬೆವರಿನ ರಂಧ್ರಗಳ ಸಾಲು ಇರುವುದು. ಗೆರೆ ಸವೆದು ಅದರ ಮೇಲೆ ಗಟ್ಟಿ ಪದರ ಕೂತ ತುದಿಯಲ್ಲಿ ಈ ತೇವವೂ ಸರಿಯಾಗಿ ಸಿಗುವುದಿಲ್ಲ. ಸಿಮೆಂಟ್, ಸುಣ್ಣ, ಬಟ್ಟೆ ಸೋಪು, ಗೇರುಬೀಜದ ಸಿಪ್ಪೆಯ ಎಣ್ಣೆ, ಪದೇಪದೇ ಹಚ್ಚುವ ಸ್ಯಾನಿಟೈಸರ್, ವಯಸ್ಸು ಇವೆಲ್ಲ ಇದಕ್ಕೆ ಕಾರಣವಾಗುತ್ತವೆ. ನ್ಯಾಯಬೆಲೆ ಅಂಗಡಿಯ ಯಂತ್ರ ನಿಮ್ಮ ಹೆಬ್ಬೆಟ್ಟನ್ನು ನಾಲ್ಕು ಸಲ ಒತ್ತಿಸಿಕೊಳ್ಳುತ್ತದೆ ಎಂದಾದರೆ ಪಿಕ್ ಜಾರುವುದರಲ್ಲಿ ಆಶ್ಚರ್ಯವಿಲ್ಲ.

ಗೆರೆಯ ಪರೀಕ್ಷೆ. ಹೆಬ್ಬೆರಳು ನೇರವಾಗಿ ಚಾಚುವ ದಿಕ್ಕಿನಲ್ಲಿ ಪಿಕ್ಕಿನ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಮೆಟ್ರೊನೋಮನ್ನು ನಿಮಿಷಕ್ಕೆ 80 ತಾಳಕ್ಕೆ ಇಟ್ಟು, 6ನೇ (ಅತಿ ದಪ್ಪನೆಯ) ತಂತಿಯ ಮೇಲೆ ಒಂದು ತಾಳಕ್ಕೆ ಎರಡು ಹೊಡೆತದಂತೆ 2 ನಿಮಿಷ ನುಡಿಸಿ. ಗೆರೆ ಓರೆಯಾಗಿದ್ದರೆ ಪಿಕ್ ತಿರುಗುತ್ತಿದೆ; ಅದಕ್ಕೆ ಮದ್ದು 3ನೇ ಹಂತದಲ್ಲಿದೆ, ಯಾವ ಅಂಟೂ ಅದನ್ನು ಪೂರ್ತಿ ತಡೆಯುವುದಿಲ್ಲ. ಗೆರೆ ನೇರವಾಗಿಯೇ ಇದ್ದು ಪಿಕ್ ಒಳಕ್ಕೋ ಹೊರಕ್ಕೋ ಸರಿದಿದ್ದರೆ ಚರ್ಮ ಮತ್ತು ಪಿಕ್ಕಿನ ಮೈಯ ಸಮಸ್ಯೆ. ಪ್ರತಿ ಹಂತ ಮುಗಿದ ಮೇಲೂ ಇದೇ 2 ನಿಮಿಷದ ಪರೀಕ್ಷೆ ಮಾಡಿ, ಹಾಡು ನುಡಿಸಿ ಅಳೆಯಲು ಹೋಗಬೇಡಿ.

ಸವೆತದ ನಕ್ಷೆ. ಬೆರಳ ತುದಿಗಳ ಮೇಲೆ, ಅವುಗಳ ಬದಿಗಳ ಮೇಲೂ, ಪೆನ್ಸಿಲ್ ಸೀಸವನ್ನು ಉಜ್ಜಿ. ಸೆಲ್ಲೋಟೇಪ್ ಒತ್ತಿ ಎತ್ತಿ ಬಿಳಿ ಹಾಳೆಗೆ ಅಂಟಿಸಿ. ಗೆರೆಗಳು ಸ್ಪಷ್ಟವಾಗಿ ಮೂಡಿದ ಜಾಗ ಇನ್ನೂ ಸವೆದಿಲ್ಲ. ಹೆಚ್ಚಿನವರಲ್ಲಿ ಹೆಬ್ಬೆರಳಿನ ತುದಿ ಬೋಳಾಗಿದ್ದರೂ ಅದರ ಉಬ್ಬಿನ ನಡುಭಾಗ, ತೋರುಬೆರಳಿನ ಬದಿ, ನಡುಬೆರಳು ಚೆನ್ನಾಗಿಯೇ ಇರುತ್ತವೆ. ಈ ಹಾಳೆಯನ್ನು ಎತ್ತಿಡಿ, 4ನೇ ಹಂತಕ್ಕೆ ಬೇಕು.

## 2. ಚರ್ಮವನ್ನು ಹದಕ್ಕೆ ತನ್ನಿ

ರಾತ್ರಿ ಮಲಗುವ ಮುನ್ನ ಕೈ ತೊಳೆದು, ಇನ್ನೂ ಸ್ವಲ್ಪ ತೇವ ಇರುವಾಗಲೇ 10 ಶೇಕಡ ಯೂರಿಯಾ ಕ್ರೀಮ್ ಹಚ್ಚಿ. ಹಚ್ಚಿದ ಜಾಗ ಉರಿದರೆ ಅಲ್ಲಿ ಬಿರುಕಿರಬಹುದು. ಅದು ವಾಸಿಯಾಗುವವರೆಗೆ ಬರೀ ಪೆಟ್ರೋಲಿಯಂ ಜೆಲ್ಲಿ ಸಾಕು. ಮೆಡಿಕಲ್ ಅಂಗಡಿಯಲ್ಲಿ 40 ಶೇಕಡದ ಯೂರಿಯಾ ಕ್ರೀಮೂ ಸಿಗುತ್ತದೆ. ಅದು ದಪ್ಪ ಚರ್ಮವನ್ನು ಕರಗಿಸಿ ಸುಲಿಯುವುದಕ್ಕೆ ಇರುವಂಥದ್ದು, ಈಗಾಗಲೇ ಸವೆದ ಬೆರಳಿಗೆ ಹಚ್ಚಬಾರದು. ಎರಡು ಮೂರು ವಾರ ಬಿಡದೆ ಮಾಡಿದರೆ ಮಾತ್ರ ಫಲ ಕಾಣುತ್ತದೆ.

ನುಡಿಸುವ ದಿನ ಕ್ರಮ ತಿರುವುಮುರುವು. ನುಡಿಸುವುದಕ್ಕೆ ಒಂದು ಗಂಟೆ ಮೊದಲಿನಿಂದ ಕ್ರೀಮ್, ಎಣ್ಣೆ ಯಾವುದೂ ಬೇಡ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯನ್ನು ಬಟ್ಟೆಗೆ ಒರೆಸಿ ಪಿಕ್ ಹಿಡಿಯುವುದು ತೀರ ಸಾಮಾನ್ಯವಾದ ತಪ್ಪು. ಎಣ್ಣೆ ಪಿಕ್ಕಿಗೂ ಹತ್ತಿಕೊಂಡು ಮರುದಿನವೂ ಜಾರುತ್ತದೆ. ಉಗುರುಬೆಚ್ಚಗಿನ ನೀರು, ಸಾಧಾರಣ ಸೋಪಿನಲ್ಲಿ ಕೈಯನ್ನೂ ಪಿಕ್ಕನ್ನೂ ತೊಳೆದು, 10 ನಿಮಿಷ ಬಿಟ್ಟು ಶುರು ಮಾಡಿ. ಪಾತ್ರೆ ತೊಳೆಯುವ ಸೋಪು, ಸ್ಯಾನಿಟೈಸರ್ ಬೇಡ.

ಪರೀಕ್ಷೆಯಲ್ಲಿ ‘ಒಣ ಚರ್ಮ’ ಬಂದವರು ಬ್ಯಾಂಕಿನ ಕ್ಯಾಷಿಯರ್ ನೋಟು ಎಣಿಸಲು ಇಟ್ಟುಕೊಳ್ಳುವಂಥ ಒದ್ದೆ ಸ್ಪಾಂಜಿನ ಡಬ್ಬಿಯನ್ನು ಪಕ್ಕದಲ್ಲಿಡಿ. 1 ಪಾಲು ಗ್ಲಿಸರಿನ್‌ಗೆ 4 ಪಾಲು ನೀರು ಬೆರೆಸಿ ಸ್ಪಾಂಜಿಗೆ ಹಾಕಿ. ಹಾಡಿನಿಂದ ಹಾಡಿಗೆ ಬೆರಳನ್ನು ಒಮ್ಮೆ ತಾಗಿಸಿ, ಎರಡು ಬೆರಳುಗಳನ್ನು ಒಂದಕ್ಕೊಂದು ತಿಕ್ಕಿ, ಅಂಟಂಟಾಗುವವರೆಗೆ ಕಾಯಿರಿ. ಹೊಳೆಯುವಷ್ಟು ಒದ್ದೆಯಾದರೆ ಹೆಚ್ಚಾಯಿತು. ನಾಲಿಗೆಗೆ ಬೆರಳು ತಾಗಿಸುವ ಅಭ್ಯಾಸ ಬಿಡಿ: ಎಂಜಲು ಬೇಗ ಆರಿ ಚರ್ಮವನ್ನು ಮೊದಲಿಗಿಂತ ಹೆಚ್ಚು ಒಣಗಿಸುತ್ತದೆ.

ಬೀದರ್, ಕಲಬುರಗಿ ಕಡೆಯ ಒಣ ಹವೆಯಲ್ಲಿ ಅಥವಾ ದಿನವಿಡೀ ಎ.ಸಿ. ಇರುವ ಕೋಣೆಯಲ್ಲಿ ಈ ಡಬ್ಬಿ ಬಹಳ ಉಪಕಾರಿ. ಮಂಗಳೂರಿನ ಏಪ್ರಿಲ್‌ನಲ್ಲಿ ಅದೇ ಡಬ್ಬಿ ಶತ್ರು. ಅಲ್ಲಿ ಪಕ್ಕದಲ್ಲಿರಬೇಕಾದದ್ದು ಒಣ ಕರವಸ್ತ್ರ.

### ಈ ಗುರುತು ಕಂಡರೆ ಗಿಟಾರ್ ಕೆಳಗಿಡಿ

ರಕ್ತ ಬರುವ ಬಿರುಕು, ಪದರ ಪದರವಾಗಿ ಸುಲಿಯುವ ಚರ್ಮ, ನೀರುಗುಳ್ಳೆ, ಕೆಂಪಾಗಿ ತುರಿಸುವುದು: ಇವು ಸವೆತದ ಲಕ್ಷಣಗಳಲ್ಲ, ಚರ್ಮರೋಗದ ವೈದ್ಯರಿಗೆ ತೋರಿಸಬೇಕಾದವು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಟ್ಟಿ, ರಾತ್ರಿ ಮರಗಟ್ಟಿ ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ಆಗ ಪಿಕ್ ಬೀಳುವುದು ಜಾರಿ ಅಲ್ಲ, ಹಿಡಿದಿರುವುದೇ ತಿಳಿಯದೆ. ಮಧುಮೇಹ ಇರುವವರೂ ಬೆರಳಿನ ಸ್ಪರ್ಶ ಕಡಿಮೆಯಾದುದನ್ನು ಸವೆತವೆಂದು ತಿಳಿದು ಸುಮ್ಮನಿರಬಾರದು. ಕ್ಯಾಪೆಸಿಟಾಬಿನ್‌ನಂಥ ಕ್ಯಾನ್ಸರ್ ಔಷಧಿಯಿಂದ ಬೆರಳ ಗೆರೆ ಅಳಿಸಿಹೋದವರು ಮುಂದೆ ಹೇಳುವ ಟೇಪ್, ರಾಳ ಯಾವುದನ್ನೂ ತಮ್ಮ ವೈದ್ಯರನ್ನು ಕೇಳದೆ ಬೆರಳಿಗೆ ತಾಗಿಸಬೇಡಿ.

## 3. ತಂತಿಯ ತಳ್ಳುವಿಕೆ ತಗ್ಗಿಸಿ

ಇಡೀ ಕೆಲಸದಲ್ಲಿ ಹೆಚ್ಚು ಲಾಭ ಕೊಡುವ ಹಂತ ಇದೇ. ಬಹುತೇಕರು ಬಿಟ್ಟುಬಿಡುವುದೂ ಇದನ್ನೇ.

ಮೊನೆ ಎಷ್ಟು ಹೊರಗಿದೆ? ಹೊರಗೆ ಬಿಟ್ಟ ಮೊನೆ ಉದ್ದವಾದಷ್ಟೂ ತಂತಿಯ ಕೈಗೆ ಉದ್ದನೆಯ ಸನ್ನೆಕೋಲು ಕೊಟ್ಟಂತೆ. ಪಿಕ್ ತಿರುಗುವುದು ಅದರಿಂದಲೇ. ಒಂಟಿ ಸ್ವರಗಳಿಗೆ 3–4 ಮಿ.ಮೀ., ಸ್ಟ್ರಮ್ ಮಾಡುವಾಗ (ಹಲವು ತಂತಿಗಳನ್ನು ಒಟ್ಟಿಗೆ ಮೀಟುವಾಗ) 5–7 ಮಿ.ಮೀ. ಸಾಕು. ಸ್ಕೇಲ್ ಇಟ್ಟು ಅಳೆಯಿರಿ. ಜಾರುತ್ತದೆಂಬ ಭಯದಿಂದ ಪಿಕ್ಕಿನ ಹಿಂತುದಿಯನ್ನು ಹಿಡಿದವರ ಮೊನೆ ಒಂದು ಸೆಂಟಿಮೀಟರಿಗೂ ಹೆಚ್ಚು ಹೊರಗಿರುತ್ತದೆ.

ಎಷ್ಟು ಆಳ? ಮೊನೆ ತಂತಿಯ ಮಟ್ಟಕ್ಕಿಂತ 1–2 ಮಿ.ಮೀ. ಕೆಳಗಿಳಿದರೆ ಸಾಕು. ಪಿಕ್ ಗಿಟಾರಿನ ಮೈಗೆ ತಾಗಿ ಟಕ್ ಎಂದು ಸದ್ದು ಬರುತ್ತಿದ್ದರೆ ಆಳ ಮಿತಿಮೀರಿದೆ.

ಓರೆ. ಪಿಕ್ ಪೂರ್ತಿ ಚಪ್ಪಟೆಯಾಗಿ ತಂತಿಗೆ ಬಡಿದರೆ ತಂತಿ ತಡೆಹಾಕುತ್ತದೆ. ತುಸು ಓರೆ ಮಾಡಿ, ಸುಮಾರು 20–30 ಡಿಗ್ರಿ, ಅಂಚು ತಂತಿಯನ್ನು ಸವರಿ ಹೋಗಲಿ. 45 ಡಿಗ್ರಿ ದಾಟಿದರೆ ದಪ್ಪ ತಂತಿಗಳ ಮೇಲೆ ಕರಕರ ಸದ್ದು ಬರುತ್ತದೆ.

ಅಂಚು ನಯ ಮಾಡುವುದು. 6, 5, 4ನೇ ತಂತಿಗಳಿಗೆ (ಅಕೂಸ್ಟಿಕ್‌ನಲ್ಲಿ 3ನೆಯದಕ್ಕೂ) ಲೋಹದ ಸುತ್ತು ಇರುತ್ತದೆ. ಅದು ಪಿಕ್ಕಿನ ಅಂಚನ್ನು ಗರಗಸದಂತೆ ಕೊರೆಯುತ್ತದೆ, ಆಮೇಲೆ ಅದೇ ಹಲ್ಲುಗಳು ತಂತಿಗೆ ಸಿಕ್ಕಿಕೊಂಡು ಪಿಕ್ಕನ್ನು ಕೈಯಿಂದ ಕೀಳುತ್ತವೆ. ಅಂಚನ್ನು ಉಗುರಿನ ಮೇಲೆ ಎಳೆದು ನೋಡಿ; ತೊಡಕಿದರೆ ಕೆಲಸವಿದೆ. 400 ನಂಬರಿನ ವಾಟರ್ ಪೇಪರನ್ನು ಒದ್ದೆ ಮಾಡಿ ಸಮತಟ್ಟಾದ ಕಲ್ಲಿನ ಮೇಲಿಡಿ. ನೀವು ನುಡಿಸುವ ಓರೆಯಲ್ಲೇ ಅಂಚನ್ನು 15–20 ಸಲ ಉಜ್ಜಿ. ಬಲಗೈಯವರಲ್ಲಿ ಹೆಚ್ಚಾಗಿ ಸವೆಯುವುದು ಒಂದು ಮಗ್ಗುಲಿನ ಮುಂದಿನ ಅಂಚು ಮತ್ತು ಅದರ ಎದುರು ಮಗ್ಗುಲಿನ ಹಿಂದಿನ ಅಂಚು. ಸವೆತವನ್ನೇ ನೋಡಿ ಅನುಸರಿಸಿ. ನಂತರ 800, ಆಮೇಲೆ 1500, ಕೊನೆಗೆ ಜೀನ್ಸ್ ಬಟ್ಟೆಯ ಮೇಲೆ ಹೊಳಪು ಬರುವವರೆಗೆ ತಿಕ್ಕಿ. 800ರಲ್ಲೇ ನಿಲ್ಲಿಸಿದರೆ ಗೀಚುಸದ್ದು ಉಳಿಯುತ್ತದೆ.

ದುಂಡು ಮೂಲೆ. ಸಾಮಾನ್ಯ ಆಕಾರದ ಪಿಕ್ಕನ್ನು ತಿರುಗಿಸಿ, ಮೊನೆಯ ಬದಲು ದುಂಡಗಿನ ಭುಜದಿಂದ ನುಡಿಸಿ ನೋಡಿ. ತಂತಿಯಿಂದ ಬಿಡಿಸಿಕೊಳ್ಳುವುದು ಸುಲಭ, ಧ್ವನಿ ಸ್ವಲ್ಪ ಮೃದು. ಜಾಝ್ ಗಿಟಾರಿಸ್ಟ್ ಪ್ಯಾಟ್ ಮೆಥೆನಿ ನುಡಿಸುವುದೇ ಹೀಗೆ, ಹಾಗಾಗಿ ಇದು ಕೈಲಾಗದವರ ಉಪಾಯವೆಂಬ ಸಂಕೋಚ ಬೇಡ.

ಇಷ್ಟಾದರೂ ಅಕೂಸ್ಟಿಕ್ ಗಿಟಾರ್ ಬಿಗಿ ಅನಿಸಿದರೆ 0.012 ಇಂಚಿನ ತಂತಿ ಸೆಟ್ (ಇದು ಅತಿ ತೆಳು ತಂತಿಯ ದಪ್ಪ) ಬಿಟ್ಟು 0.011ಕ್ಕೆ ಇಳಿಯಿರಿ.

## 4. ಹಿಡಿಯುವ ಜಾಗ ಬದಲಿಸಿ

1. ಕೈಯನ್ನು ಒದರಿ ಸಡಿಲಗೊಳಿಸಿ, ಬೆರಳುಗಳನ್ನು ಅರ್ಧ ಮುಷ್ಟಿಯಾಗಿ ಮಡಚಿ.
2. ತೋರುಬೆರಳಿನ ಕೊನೆಯ ಗಂಟು ಮತ್ತು ಉಗುರಿನ ನಡುವಣ ಬದಿಯ ಮೇಲೆ ಪಿಕ್ ಇಡಿ, ತುದಿಯ ಮೇಲೆ ಬೇಡ.
3. ಪೆನ್ಸಿಲ್ ನಕ್ಷೆಯಲ್ಲಿ ಹೆಬ್ಬೆರಳಿನ ಯಾವ ಭಾಗದಲ್ಲಿ ಗೆರೆ ಉಳಿದಿದೆಯೋ ಆ ಭಾಗವನ್ನು ಮೇಲಿಂದ ಮುಚ್ಚಿ. ಸಾಮಾನ್ಯವಾಗಿ ಇದು ನೀವು ಈಗ ಹಿಡಿಯುವುದಕ್ಕಿಂತ 5–8 ಮಿ.ಮೀ. ಹಿಂದೆ ಇರುತ್ತದೆ.
4. ಪಿಕ್ಕಿನ ಬಹುಭಾಗ ಎರಡು ಬೆರಳುಗಳ ನಡುವೆ ಮುಚ್ಚಿರಲಿ.

ನಕ್ಷೆಯಲ್ಲಿ ತೋರುಬೆರಳು ಪೂರ್ತಿ ಬೋಳಾಗಿ ಬಂದಿದ್ದರೆ ಹೆಬ್ಬೆರಳು ಮತ್ತು ನಡುಬೆರಳಿನಿಂದ ಹಿಡಿಯಿರಿ. ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ಹಾಗೆ ಹಿಡಿಯುತ್ತಿದ್ದ. ಗಟ್ಟಿಯಾದ ರಿದಮ್ ನುಡಿಸುವವರು ಹೆಬ್ಬೆರಳ ಎದುರು ತೋರುಬೆರಳು, ನಡುಬೆರಳು ಎರಡನ್ನೂ ಸೇರಿಸಬಹುದು, ಮೆಟಾಲಿಕಾ ಬ್ಯಾಂಡಿನ ಜೇಮ್ಸ್ ಹೆಟ್‌ಫೀಲ್ಡ್ ಮಾಡುವಂತೆ. ಮೂರು ಕಡೆ ಆಧಾರ ಸಿಕ್ಕಾಗ ಪಿಕ್ ತಿರುಗುವುದು ಬಹಳ ಕಡಿಮೆಯಾಗುತ್ತದೆ. ಹೊಸ ಹಿಡಿತ ಒಗ್ಗಲು ಕೆಲವು ವಾರ ಬೇಕು, ಅಲ್ಲಿಯವರೆಗೆ ವೇಗವನ್ನು ಇಳಿಸಿಕೊಳ್ಳಿ.

ಜಾರುತ್ತದೆಂದು ಅದುಮಿದಷ್ಟೂ ಮಣಿಕಟ್ಟು ಸೆಟೆದುಕೊಳ್ಳುತ್ತದೆ. ಸೆಟೆದ ಕೈ ತಂತಿಗೆ ತಾಗಿದಾಗ ಬಾಗಿಕೊಡುವುದಿಲ್ಲ, ಆದ್ದರಿಂದ ಪೆಟ್ಟು ಪೂರ್ತಿ ಪಿಕ್ಕಿಗೇ ಬಿದ್ದು ಅದು ಇನ್ನಷ್ಟು ಬೇಗ ಜಾರುತ್ತದೆ. ಹೆಬ್ಬೆರಳಿನ ಉಗುರು ಬೆಳ್ಳಗಾಗಿದ್ದರೆ, 10 ನಿಮಿಷಕ್ಕೇ ಹೆಬ್ಬೆರಳ ಬುಡ ನೋಯುತ್ತಿದ್ದರೆ ನೀವು ಹಾಗೆ ಅದುಮುತ್ತಿದ್ದೀರಿ.

ಪಿಕ್ ಚೂರೂ ಅಲುಗದಂತೆ ಯಾರೂ ಹಿಡಿಯುವುದಿಲ್ಲ. ಪಳಗಿದವರು ತಂತಿಗಳಿಂದ ಕೈ ದೂರವಾದ ಕ್ಷಣದಲ್ಲಿ, ಅಪ್‌ಸ್ಟ್ರೋಕ್ (ಕೆಳಗಿನಿಂದ ಮೇಲಕ್ಕೆ ಹೊಡೆತ) ಮುಗಿದಾಗ ಅಥವಾ ಕಾರ್ಡ್ (ಸ್ವರಗುಚ್ಛ) ಬದಲಿಸುವಾಗ, ಹೆಬ್ಬೆರಳಿನಿಂದ ಅದನ್ನು ತುಸು ಸರಿಪಡಿಸಿಕೊಳ್ಳುತ್ತಲೇ ಇರುತ್ತಾರೆ. ಪಿಕ್ಕನ್ನು ಬೇಕೆಂದೇ 2 ಮಿ.ಮೀ. ಹೊರಗೆ ಸರಿಸುವುದು, ಒಳಗೆಳೆದುಕೊಳ್ಳುವುದು: ಗಿಟಾರ್ ಇಲ್ಲದೆಯೂ ಇದನ್ನು ಅಭ್ಯಾಸ ಮಾಡಿ.

## 5. ಪಿಕ್ ಆಯ್ಕೆ

ಸ್ಟ್ರಮ್ಮಿಗೆ 0.60–0.73 ಮಿ.ಮೀ. ಇರಲಿ, ತೆಳುವಾದ ಪಿಕ್ ಬಾಗಿ ಪೆಟ್ಟನ್ನು ತಾನೇ ನುಂಗುತ್ತದೆ. ಒಂಟಿ ಸ್ವರಕ್ಕೆ 0.88–1.14. ಸಾಮಾನ್ಯ ಆಕಾರಕ್ಕಿಂತ ದೊಡ್ಡ ತ್ರಿಕೋನ ಪಿಕ್ ಸವೆದ ಬೆರಳಿಗೆ ಹೆಚ್ಚು ಜಾಗ ಕೊಡುತ್ತದೆ. ಚಿಕ್ಕ ಜಾಝ್ ಪಿಕ್‌ಗಳು ಸದ್ಯಕ್ಕೆ ಬೇಡ.

ಒಣ ಬೆರಳಿನವರು ಮತ್ತೆ ಮತ್ತೆ ಮೋಸಹೋಗುವುದು ಪಿಕ್ಕಿನ ಮೈಯ ವಿಷಯದಲ್ಲಿ. ಡನ್‌ಲಪ್ ಟಾರ್ಟೆಕ್ಸ್‌ನಂಥ (ಹಳದಿ 0.73, ಹಸಿರು 0.88, ನೀಲಿ 1.0) ಮಂಕಾದ ಪುಡಿಪುಡಿ ಮೈ ಬೆವರುವ ಕೈಗೆ ಚೆನ್ನ. ಒಣಗಿದ ಗಟ್ಟಿ ಚರ್ಮಕ್ಕೆ ಅದೇ ಸಣ್ಣ ಒರಟುತನ ತಾಗುವ ಜಾಗವನ್ನು ಕಡಿಮೆ ಮಾಡುತ್ತದೆ. ಅಂಥವರಿಗೆ ಎರಡೇ ದಾರಿ: ಕೈಶಾಖಕ್ಕೆ ತುಸು ಅಂಟಿಕೊಳ್ಳುವ ನುಣುಪು ಸೆಲ್ಯುಲಾಯ್ಡ್, ಇಲ್ಲವೇ ಚರ್ಮದೊಳಕ್ಕೆ ಕೂರುವಷ್ಟು ದೊಡ್ಡ ಉಬ್ಬುಗಳಿರುವ ನೈಲಾನ್. ಡನ್‌ಲಪ್ ಮ್ಯಾಕ್ಸ್ ಗ್ರಿಪ್, ಹರ್ಕೋ ಫ್ಲೆಕ್ಸ್ ಎರಡನೆಯ ಜಾತಿಯವು. ನಡುವಿನದು ಯಾವುದೂ ಆಗಿಬರುವುದಿಲ್ಲ. ಎರಡೂ ಬಗೆಯಿಂದ ಒಂದೊಂದು ಕೊಂಡು 2 ನಿಮಿಷದ ಪರೀಕ್ಷೆಗೆ ಹಾಕಿ.

## 6. ಇರುವ ಪಿಕ್ಕನ್ನೇ ಒರಟು ಮಾಡುವುದು

ಮೊದಲು ಮೊನೆಯಿಂದ 8 ಮಿ.ಮೀ. ದೂರಕ್ಕೆ ಗುರುತು ಹಾಕಿ. ಗುರುತಿನಿಂದ ಮೊನೆಯವರೆಗಿನ ಭಾಗಕ್ಕೆ ಏನೂ ಮಾಡಬಾರದು. ಒರಟು ಮೊನೆ 3ನೇ ಹಂತದ ಶ್ರಮವನ್ನೆಲ್ಲ ಹಾಳು ಮಾಡುತ್ತದೆ.

ಕಚ್ಚು ಹಾಕುವುದು. 0.73ಕ್ಕಿಂತ ದಪ್ಪನೆಯ ಪಿಕ್ಕನ್ನು ಮರದ ಹಲಗೆಗೆ ಟೇಪಿನಿಂದ ಅಂಟಿಸಿ. ಕಟರ್‌ನಿಂದ 1–1.5 ಮಿ.ಮೀ. ಅಂತರದಲ್ಲಿ ಓರೆ ಗೆರೆಗಳನ್ನು ಎಳೆದು, ಅವುಗಳಿಗೆ ಅಡ್ಡಲಾಗಿ ಇನ್ನೊಂದು ಸಾಲು ಎಳೆಯಿರಿ. ಉಗುರಿಗೆ ತಾಗುವಷ್ಟು ಆಳ ಸಾಕು; ಆಳವಾದರೆ ಪಿಕ್ ಅಲ್ಲೇ ಮುರಿಯುತ್ತದೆ. ಎರಡೂ ಮಗ್ಗುಲಿಗೂ ಮಾಡಿ. 600, 800 ನಂಬರಿನ ಕಾಗದದಿಂದ ಮೈ ಉಜ್ಜುವುದು ಒಣ ಬೆರಳಿಗೆ ಹಾನಿಯೇ ಹೊರತು ಲಾಭವಲ್ಲ. ಕಾರಣ ಮೇಲೆ ಹೇಳಿದ ಟಾರ್ಟೆಕ್ಸಿನದೇ.

ತೂತು. 2–3 ಮಿ.ಮೀ.ನ ಮೂರು ತೂತುಗಳನ್ನು ತ್ರಿಕೋನವಾಗಿ, ಅಂಚಿನಿಂದಲೂ ಒಂದರಿಂದ ಇನ್ನೊಂದಕ್ಕೂ ಕನಿಷ್ಠ 3 ಮಿ.ಮೀ. ಬಿಟ್ಟು ಕೊರೆಯಿರಿ. ಬೆರಳಿನ ಚರ್ಮ ತೂತಿನೊಳಗೆ ಉಬ್ಬಿ ಕೂತು ಪಿಕ್ಕನ್ನು ತಡೆಯುತ್ತದೆ. ಗೆರೆ ಪೂರ್ತಿ ಅಳಿಸಿಹೋದ ಬೆರಳಿಗೂ ಇದು ಕೆಲಸ ಮಾಡುತ್ತದೆ, ಇದರ ಹೆಚ್ಚುಗಾರಿಕೆಯೇ ಅದು. ತೂತಿನ ಬಾಯಿಯ ಚೂಪನ್ನು 400ರ ಕಾಗದದಿಂದ ಮುರಿಯಿರಿ.

ಎಚ್ಚರ: ಕಾಯಿಸಿದ ಸೂಜಿಯಿಂದ ತೂತು ಮಾಡಬೇಡಿ. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಟಾರ್ಟೆಕ್ಸ್ ಜಾತಿಯ ಪ್ಲಾಸ್ಟಿಕ್ ಸುಟ್ಟರೆ ಕಣ್ಣು ಮೂಗು ಉರಿಸುವ ಫಾರ್ಮಾಲ್ಡಿಹೈಡ್ ಹೊಗೆ ಬರುತ್ತದೆ.

ಗ್ರಿಪ್ ಟೇಪ್. ಬ್ಯಾಡ್ಮಿಂಟನ್ ರ‍್ಯಾಕೆಟ್ಟಿಗೆ ಮೇಲೆ ಸುತ್ತುವ ತೆಳು ಗ್ರಿಪ್ಪಿನಿಂದ ಸುಮಾರು 12 ಮಿ.ಮೀ. ಅಗಲದ ಎರಡು ತುಂಡು ಕತ್ತರಿಸಿ, ತೆಳುವಾದ ಡಬಲ್ ಟೇಪಿನಿಂದ ಎರಡೂ ಮಗ್ಗುಲಿಗೆ ಅಂಟಿಸಿ. ನೈಲಾನ್ ಮತ್ತು ಟಾರ್ಟೆಕ್ಸಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅಲ್ಲಿ ಮೊದಲು ಕಚ್ಚು ಹಾಕಿ, ಎಣ್ಣೆ ಪಸೆ ಒರೆಸಿ ಅಂಟಿಸಿ. ಎಲೆಕ್ಟ್ರಿಷಿಯನ್‌ಗಳ ಇನ್ಸುಲೇಶನ್ ಟೇಪ್ ಬೇಡ, ಬಿಸಿಗೆ ಅದರ ಅಂಟು ಹೊರಗೆ ಸುರಿದು ತಂತಿಗೂ ಮೆತ್ತುತ್ತದೆ.

## 7. ಮೇಣ ಮತ್ತು ರಾಳ

ಪಿಕ್ಕಿನ ಹಿಡಿಯುವ ಭಾಗಕ್ಕೆ ಜೇನುಮೇಣವನ್ನು ತೆಳುವಾಗಿ ಉಜ್ಜಿ, ಹೆಬ್ಬೆರಳಿನಿಂದ ತಿಕ್ಕಿ ಬಿಸಿ ಮಾಡಿ. ಸರೋದ್ ನುಡಿಸುವವರ ತೆಂಗಿನ ಚಿಪ್ಪಿನ ಜವಾಕ್ಕೆ (ಸರೋದಿನ ಪಿಕ್) ಹಿಡಿಯುವ ಕಡೆ ದಾರ, ಮೇಣ ಹಾಕುವುದೂ ಇದಕ್ಕೇ. ಪದರ ದಪ್ಪವಾದರೆ ಬಿಸಿಲಿನಲ್ಲಿ ಕರಗಿ ಜಾರುತ್ತದೆ.

ವಯೊಲಿನ್ ಕಮಾನಿಗೆ ಹಚ್ಚುವ ರಾಳ ಇನ್ನೂ ಗಟ್ಟಿ ಹಿಡಿತ ಕೊಡುತ್ತದೆ. ಆದರೆ ಬೆರಳಿನಿಂದ ತಂತಿಗೆ ಹತ್ತಿದರೆ ದೂಳು ಕೂತು ಧ್ವನಿ ಮಂಕಾಗುತ್ತದೆ. ಕೆಲವರ ಚರ್ಮಕ್ಕೆ ರಾಳ ಅಲರ್ಜಿಯೂ ಹೌದು. ಮೊದಲು ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡಿ. ಸೂಪರ್ ಗ್ಲೂ ಹಚ್ಚಿ ಬೆರಳ ತುದಿ ಗಟ್ಟಿ ಮಾಡಿಕೊಳ್ಳುವ ಸಲಹೆ ಎಲ್ಲೆಡೆ ಸಿಗುತ್ತದೆ. ಪಿಕ್ ಹಿಡಿಯುವ ಬೆರಳಿಗೆ ಅದು ಗಾಜಿನಂಥ ಪದರ ಕೂರಿಸುತ್ತದೆ, ಕೆಳಗಿನ ಬಿರುಕನ್ನು ಮುಚ್ಚಿಡುತ್ತದೆ.

## 8. ಬೆರಳಿಗೆ ಹೊದಿಕೆ

ತನಗೆ ತಾನೇ ಅಂಟಿಕೊಳ್ಳುವ 2.5 ಸೆಂ.ಮೀ. ಅಗಲದ ಬ್ಯಾಂಡೇಜ್ ಮೆಡಿಕಲ್‌ನಲ್ಲಿ ಸಿಗುತ್ತದೆ. ಹೆಬ್ಬೆರಳಿಗೆ ಒಂದೂವರೆ ಸುತ್ತು ಹಾಕಿ, ಎಳೆದು ಬಿಗಿಯಬೇಡಿ. ಉಗುರನ್ನು ಒತ್ತಿ ಬಿಟ್ಟಾಗ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು, ಇಲ್ಲವಾದರೆ ಬಿಚ್ಚಿ ಮತ್ತೆ ಸುತ್ತಿ. ತೋರುಬೆರಳಿಗೂ ಸುತ್ತಬೇಕೆಂದೇನಿಲ್ಲ, ಒಂದು ಕಡೆ ಬರೀ ಚರ್ಮ ಇದ್ದರೆ ಪಿಕ್ ಎಲ್ಲಿದೆ ಎಂಬ ಅರಿವು ಉಳಿಯುತ್ತದೆ. ನೋಟು ಎಣಿಸುವವರ ಗುಳ್ಳೆಗುಳ್ಳೆಯ ರಬ್ಬರ್ ಟೊಪ್ಪಿಗೆಯೂ ಆಗುತ್ತದೆ, ಆದರೆ ಒಳಗೆ ಬೆವರು ನಿಲ್ಲುವುದರಿಂದ ಅರ್ಧ ಗಂಟೆಗೊಮ್ಮೆ ತೆಗೆದು ಬೆರಳು ಆರಿಸಿ.

## 9. ಹಿಡಿಯುವ ಅಗತ್ಯವೇ ಇಲ್ಲದ ಪಿಕ್

ಸ್ಪರ್ಶವೇ ಕಡಿಮೆಯಾದವರಿಗೆ, ಸಂಧಿವಾತದಿಂದ ಬೆರಳು ಒತ್ತಲಾಗದವರಿಗೆ ಹೆಬ್ಬೆರಳಿಗೆ ತೊಡುವ ಥಂಬ್ ಪಿಕ್ ಸರಿ. ಸ್ಪ್ರಿಂಗ್‌ನಿಂದ ಬೆರಳನ್ನು ಹಿಡಿದುಕೊಳ್ಳುವ ಬ್ಲ್ಯಾಕ್ ಮೌಂಟನ್ ಬಗೆಯದರಲ್ಲಿ ಮಾಮೂಲಿ ಪಿಕ್ಕಿನಂತೆಯೇ ಇರುವ ಅಲಗು ಬರುತ್ತದೆ, ಸ್ಟ್ರಮ್ಮಿನಿಂದ ಬಂದವರಿಗೆ ಬೇಗ ಒಗ್ಗುತ್ತದೆ. ಸಾದಾ ಪ್ಲಾಸ್ಟಿಕ್ಕಿನದು ಬಿಗಿಯಾದರೆ, ಕುದಿಯದ ಬಿಸಿನೀರಿನಲ್ಲಿ ಅರ್ಧ ನಿಮಿಷ ಇಟ್ಟು, ಹೆಬ್ಬೆರಳಿನಷ್ಟು ದಪ್ಪನೆಯ ಮಾರ್ಕರ್ ಪೆನ್ನಿಗೆ ತೊಡಿಸಿ ಆರಲು ಬಿಡಿ. ಅಲಗು ಉದ್ದವಾಗಿ ತಂತಿಗೆ ಸಿಕ್ಕಿಕೊಳ್ಳುತ್ತಿದ್ದರೆ ಉಗುರು ಕತ್ತರಿಯಿಂದ ಒಂದೊಂದೇ ಮಿಲಿಮೀಟರ್ ಕತ್ತರಿಸಿ, ಪ್ರತಿ ಸಲವೂ ನುಡಿಸಿ ನೋಡಿ, 3ನೇ ಹಂತದಂತೆಯೇ ಅಂಚನ್ನು 1500ರವರೆಗೆ ನಯ ಮಾಡಿ.